ಕೇಳಿ ನೋಡದ ಹಾಡು ಪಟ್ಟಿಗೆ ಬ್ಯಾಡ

ನಮ್ಮ ಹಾಡಿನ ಪಟ್ಟಿಗೆ ಇನ್ನೂ ಐವತ್ತು ಹಾಡು ಸೇರ್ಸಿ ಅಂತ ದಸರಾ ಮುಗಿದಾಗಿಂದ ಒತ್ತಾಯ ನಡೀತಾನೇ ಐತೆ. ನಾನು ಸೇರ್ಸಲ್ಲ. ಯಾಕೆ ಅಂತ ಒಬ್ಬೊಬ್ರಿಗೂ ಫೋನಿನಾಗೆ ಹೇಳಿ ಹೇಳಿ ಗಂಟ್ಲು ಒಣಗೈತೆ, ಅದ್ಕೇ ಇಲ್ಲಿ ಬರೀತಾ ಇದೀನಿ. ಪೂರ್ತಿ ಓದಿ, ಆಮ್ಯಾಲೆ ಬೈಯ್ರಿ.

ಹೊಸದಾಗಿ ಸೇರಿದೋರಿಗೆ ಒಂದ್ ಮಾತು ಹೇಳ್ಬಿಡ್ತೀನಿ. ವಾರಗಿತ್ತೇರು, ನಾದಿನೇರು, ಅಕ್ಕತಂಗೇರು, ಅಕ್ಕಪಕ್ಕದ ಮನೆಯೋರು ಎಲ್ಲಾ ಸೇರಿ ನಾವು 18 ಜನ ಹೆಂಗಸ್ರು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಚದುರಿ ಹೋಗಿದೀವಿ. ಫೋನಿನಾಗೆ ಹಾಡೋ ಆಟ ಆಡ್ತೀವಿ. ಬರೀ ವಾದ್ಯ ಬರ್ತೈತೆ, ಪರದೆ ಮ್ಯಾಲೆ ಸಾಲು ಓಡ್ತೈತೆ, ನಾವು ದನಿ ಸೇರ್ಸಬೇಕು, ಕೊನೆಗೆ ಅದೇ ಅಂಕ ಕೊಡ್ತೈತೆ. ಸೇರಿದಾಗ ಯಾರ ಅಂಕ ಕಮ್ಮಿಯೋ ಅವ್ರು ಮಂಡಕ್ಕಿ ಮೆಣಸಿನಕಾಯಿ ತರ್ಬೇಕು ಅನ್ನೋದು ಹಿರಿಯೂರು ತಂಗಿ ಮಾಡಿದ ಕಾನೂನು, ಅವ್ಳೇ ಎರಡು ಸಲ ತಂದ್ಲು.

ಸೀಮಂತ, ನಾಮಕರಣ, ಹೊಸಮನೆ ಅಂತ ಸೇರೋ ಕಡೆ ನೆಟ್‌ವರ್ಕ್ ಸಿಗುತ್ತೆ ಅಂತ ನಂಬಂಗಿಲ್ಲ. ಹೊಸದುರ್ಗದ ಕಡೆ ತೋಟದ ಮನೆಗೆ ಹೋದ್ರೆ ಫೋನ್ ಹಿಡ್ಕೊಂಡು ತೆಂಗಿನಮರದ ಬುಡದಿಂದ ಬುಡಕ್ಕೆ ಓಡಾಡ್ಬೇಕು. ಅದ್ಕೆ ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗೋದು. ಯಾವ ಹಾಡಿನ ವಾದ್ಯದ ಟ್ರ್ಯಾಕ್ ಸಿಗುತ್ತೆ, ಯಾವುದು ಡೌನ್‌ಲೋಡ್ ಆಗುತ್ತೆ, ಯಾವುದು ಪೂರ್ತಿ ಐತೆ ಅಂತ ಎಲ್ರೂ ನೋಡೋ ಹಂಗೆ ಗೂಗಲ್ ಶೀಟಿನಾಗೆ ಬರ್ದಿಟ್ಟಿದೀನಿ. ಹಾಡು, ಸಿನಿಮಾ, ಇಸವಿ, ಬರೆದೋರು, ಹಾಡಿದೋರು, ಯಾರ ಶ್ರುತಿ, ಯಾರು ಕೇಳಿ ನೋಡಿದ್ದು, ಯಾವತ್ತು. ಇವತ್ತಿಗೆ 186 ಹಾಡು. ಒಂದೊಂದನ್ನೂ ನಮ್ಮೋರು ಯಾರಾದ್ರೂ ಮೊದಲಿಂದ ಕೊನೇವರ್ಗೂ ಕೇಳಿದ್ದು.

"ಚಿಕ್ಕಮ್ಮ, ಈ ಕಾಲದಾಗೆ ಪಟ್ಟಿ ಯಾಕೆ, ಹುಡುಕಿದ್ರೆ ಬರುತ್ತಲ್ಲ" ಅಂತ ನಮ್ಮ ಹೊಳಲ್ಕೆರೆ ಅಕ್ಕನ ಮಗಳು ಕೇಳಿದ್ಲು. ಬರುತ್ತೆ ಕಣವ್ವ, ಬರ್ದೆ ಏನು. ಏನು ಬರುತ್ತೆ ಅನ್ನೋದೇ ಪ್ರಶ್ನೆ.

ನಮ್ಮೂರಿನ ಸಿನಿಮಾನೇ ತಗಳ್ಳಿ, ನಾಗರಹಾವು. ನಮ್ಮ ತ.ರಾ.ಸು. ಅವ್ರ ಕಾದಂಬರಿಗಳನ್ನ ಇಟ್ಕೊಂಡು ಪುಟ್ಟಣ್ಣ ಕಣಗಾಲ್ ನಮ್ಮ ಕೋಟೆ ಮ್ಯಾಲೇ ತೆಗೆದದ್ದು, 1972ರದ್ದು. (ತ.ರಾ.ಸು. ಹೆಸರಿನ 'ತ' ಅಂದ್ರೆ ಚಳ್ಳಕೆರೆ ಕಡೆಯ ತಳುಕು ಅಂತ ನನ್ನ ಮಕ್ಕಳಿಗೇ ಗೊತ್ತಿರ್ಲಿಲ್ಲ.) ಆ ಹೆಸರು ಹಾಕಿ ಹುಡುಕಿದ್ರೆ ಮೂರು ನಾಗರಹಾವು ಹೆಡೆ ಎತ್ತುತ್ವೆ. 2002ರಾಗೆ ಉಪೇಂದ್ರಂದು ಬಂತು, ಅದಕ್ಕೆ ಸಂಗೀತ ಹಂಸಲೇಖ. 2016ರಾಗೆ ಕೋಡಿ ರಾಮಕೃಷ್ಣ ಅವ್ರದ್ದು ಬಂತು, ವಿಷ್ಣುವರ್ಧನ್ ಅವ್ರನ್ನ ಕಂಪ್ಯೂಟರಿನಾಗೆ ಮೂಡಿಸಿದ್ದು, ಸಂಗೀತ ಗುರುಕಿರಣ್. ಮೊದಲ್ನೇದಕ್ಕೆ ವಿಜಯಭಾಸ್ಕರ್. ಹಾಡೋ ಆಟದ ಪಟ್ಟಿಗಳಲ್ಲಿ ಒಂದರ ಹಾಡಿಗೆ ಇನ್ನೊಂದರ ಪೋಸ್ಟರು, ಒಂದರ ಇಸವಿ ಇನ್ನೊಂದಕ್ಕೆ. ಇಂಥದ್ದು ಹತ್ತು ಸಲ ನೋಡಿದೀನಿ.

ಅದೇ ಸಿನಿಮಾದ ಓಬವ್ವನ ಹಾಡು. ತೆರೆ ಮ್ಯಾಲೆ ಒನಕೆ ಹಿಡಿದು ನಿಂತಿರೋದು ಜಯಂತಿ, ಬರೆದೋರು ಚಿ. ಉದಯಶಂಕರ್, ಹಾಡಿದೋರು ಪಿ.ಬಿ. ಶ್ರೀನಿವಾಸ್. 'ಹಾವಿನ ದ್ವೇಷ' ಹಾಡಿದ್ದು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಬರೆದದ್ದು ವಿಜಯನಾರಸಿಂಹ. 'ಕರ್ಪೂರದ ಬೊಂಬೆ' ಪಿ. ಸುಶೀಲಾ ಅವ್ರದ್ದು, ಬರೆದೋರು ಆರ್.ಎನ್. ಜಯಗೋಪಾಲ್. ಒಂದೇ ಸಿನಿಮಾ, ಬರೆದೋರು ಮೂರು ಜನ, ದನಿ ಮೂರು. ಇದನ್ನೆಲ್ಲಾ ಒಟ್ಟಿಗೆ ಗಂಟು ಕಟ್ಟಿ 'ಎಸ್‌ಪಿಬಿ ಹಿಟ್ಸ್' ಅಂತ ಯಾರೋ ಹಾಕ್ತಾರೆ, ಅದನ್ನ ನೋಡಿ ಇನ್ನೊಬ್ರು ಹಾಕ್ತಾರೆ, ಹಿಂಗೇ ಸುಳ್ಳು ಬೇರು ಬಿಡ್ತೈತೆ.

ಇನ್ನೊಂದು ಬಲೇ ದೊಡ್ಡ ಎಡವಟ್ಟು ಅಂದ್ರೆ ರಾಜಣ್ಣಂದು. ತೆರೆ ಮ್ಯಾಲೆ ರಾಜ್‌ಕುಮಾರ್ ಕಂಡ್ರೆ ಸಾಕು, ಹಾಡಿದೋರು ರಾಜ್‌ಕುಮಾರ್ ಅಂತ ಬರ್ದೇ ಬಿಡೋದು. ಅವ್ರು ಅಲ್ಲೊಂದು ಇಲ್ಲೊಂದು ಹಾಡಿದ್ದು ಬಿಟ್ರೆ, ಒಂದೇ ಸಮನೆ ತಮಗೆ ತಾವೇ ಹಾಡೋಕೆ ಶುರು ಮಾಡಿದ್ದು 1974ರ ಸಂಪತ್ತಿಗೆ ಸವಾಲ್ ಆದ್ಮೇಲೆ. ಅದಕ್ಕೂ ಮುಂಚೆ ಬಹುಪಾಲು ಪಿ.ಬಿ. ಶ್ರೀನಿವಾಸ್ ಅವ್ರ ದನಿ. ಅದ್ಕೇ ನಾನೊಂದು ಲೆಕ್ಕ ಇಟ್ಕೊಂಡಿದೀನಿ: 74ಕ್ಕಿಂತ ಹಿಂದಿನ ಹಾಡಿಗೆ ರಾಜ್‌ಕುಮಾರ್ ಹೆಸರು ಕಂಡ್ರೆ ಇನ್ನೊಂದ್ ಸಲ ಕಿವಿಗೊಟ್ಟು ಕೇಳೋದು. ನಮ್ಮನೆಯೋರು "ಯಾರು ಹಾಡಿದ್ರೇನೇ, ನೀನು ಹಾಡ್ತೀಯಲ್ಲ ಈಗ" ಅಂತಾರೆ. ನಾನು ಮಾಡಿದ ಸಾರನ್ನ ಬೀದಿ ಕೊನೆ ಮನೆಯೋರು ಮಾಡಿದ್ದು ಅಂತ ಊರೆಲ್ಲಾ ಹೇಳಿ ನೋಡ್ರಿ, ಆಗ ಗೊತ್ತಾಗುತ್ತೆ ಅಂದೆ. ಪಾಪ, ಸುಮ್ನಾದ್ರು.

ಶ್ರುತಿಯ ಕಾಲಂ ಯಾಕೆ ಅಂತ ಕೇಳೋರಿದಾರೆ. ಗಂಡಸ್ರ ಹಾಡಿನ ಮೂಲ ಟ್ರ್ಯಾಕ್ ಹಿಡಿದ್ರೆ ನಮಗೆ ಕೆಳಗಿನ ಸ್ವರ ಎಟುಕಲ್ಲ, ಒಂದು ಸ್ಥಾಯಿ ಮ್ಯಾಲೆ ಹೋದ್ರೆ ಬೀದಿ ನಾಯಿ ಎದ್ದು ಕೂರ್ತವೆ. ಹೆಂಗಸ್ರ ದನಿಗೆ ಏರ್ಸಿದ ಟ್ರ್ಯಾಕ್ ಬೇರೆ ಇರುತ್ತೆ. ಅದ್ಕೆ 'ಹೆಂ', 'ಗಂ', 'ಜೋಡಿ' ಅಂತ ಬರ್ದಿರೋದು. ಜೋಡಿ ಹಾಡಿಗಂತೂ ಇಬ್ರೂ ಒಂದೇ ಟ್ರ್ಯಾಕಿನಾಗೆ ಅಭ್ಯಾಸ ಮಾಡ್ಬೇಕು. ಹಿರಿಯೂರಿನೋಳು ಒಂದರಾಗೆ, ಹೊಳಲ್ಕೆರೆಯೋಳು ಇನ್ನೊಂದರಾಗೆ ಕಲಿತು ಬಂದ್ರೆ, ಇವ್ಳಿಗೆ ಕೊಳಲು ನುಡಿಯೋವಾಗ ಅವ್ಳು ಚರಣ ಎತ್ತಿರ್ತಾಳೆ.

ನಗೋ ಮಾತಲ್ಲ ಇದು. ನವೆಂಬರ್ 11 ಓಬವ್ವ ಜಯಂತಿ, 2021ರಿಂದ ಸರ್ಕಾರಾನೇ ಮಾಡ್ತಾ ಐತೆ, ಅವತ್ತು ನಮ್ಮ ಜಿಲ್ಲೆ ಹೆಣ್ಮಕ್ಕಳು ಅಲ್ಲಲ್ಲಿ ಹಾಡ್ತಾರೆ. ಹೋದ ವರ್ಷ ನಮ್ಮೋಳೇ ಒಬ್ಳು ಒಂದು ಸಣ್ಣ ಕಾರ್ಯಕ್ರಮದಾಗೆ ಹಾಡೋಕೆ ನಿಂತ್ಲು. ಐವತ್ತೆರಡು ವರ್ಷಕ್ಕೆ ಮೊದಲ್ನೇ ಸಲ ಮೈಕ್ ಹಿಡಿದಿದ್ದು. ಎಲ್ಲಿಂದಲೋ ಯಾರೋ ಕಳ್ಸಿದ ಟ್ರ್ಯಾಕು, 'ಪೂರ್ಣ' ಅಂತ ಬರ್ದಿತ್ತಂತೆ. ಎರಡನೇ ಚರಣಕ್ಕೆ ವಾದ್ಯ ನಿಂತೇ ಹೋಯ್ತು. ಹಿಂದಿನ ಸಾಲಿನ ಹುಡುಗ್ರು ನಕ್ರು. ಆಮೇಲೆ ಅವ್ಳು ಮನೆ ಹಜಾರದಾಗೂ ಹಾಡಿಲ್ಲ, ಇವತ್ತಿನವರ್ಗೂ. 'ಪೂರ್ಣ' ಅಂತ ಕೇಳ್ದೇ ಬರೆದೋರಿಗೆ ಅದೊಂದು ಪದ. ಇವ್ಳಿಗೆ ಐವತ್ತು ವರ್ಷ ಕೂಡಿಟ್ಟ ಧೈರ್ಯ. ಐವತ್ತು ಹಾಡು ಒಂದೇ ದಿನ ಸೇರ್ಸಿ ಅನ್ನೋರಿಗೆ ನಾನು ತೋರ್ಸೋದು ಇವಳ್ನೇ.

ಕವಿಗಳ ಹಾಡಿನ ಪಾಡು ಇನ್ನೂ ಕೆಟ್ಟದ್ದು. ಬೆಳ್ಳಿಮೋಡ ಸಿನಿಮಾದಾಗೆ ಎಸ್. ಜಾನಕಿ ಹಾಡಿರೋ ಬೆಳಗಿನ ಹಾಡು ಬೇಂದ್ರೆಯೋರ 'ಬೆಳಗು' ಪದ್ಯ. ಪಟ್ಟಿಗಳಲ್ಲಿ ಸಿನಿಮಾ ಹೆಸರಿರುತ್ತೆ, ನಾಯಕಿ ಹೆಸರಿರುತ್ತೆ, ಬೇಂದ್ರೆ ಮಾತ್ರ ಇರಲ್ಲ. ನಿಸಾರ್ ಅಹಮದ್ ಅವ್ರ ನಿತ್ಯೋತ್ಸವ 1978ರಾಗೆ ಕ್ಯಾಸೆಟ್ಟಾಗಿ ಬಂದು ಮನೆಮನೆಗೂ ಹೋಯ್ತು, ಅದಕ್ಕೆ ರಾಗ ಹಾಕಿದ ಮೈಸೂರು ಅನಂತಸ್ವಾಮಿ ಹೆಸರು ಎಷ್ಟು ಜನ ಬರೀತಾರೆ? ವಚನಗಳಿಗಂತೂ ಎಲ್ಲಾದಕ್ಕೂ 'ಬಸವಣ್ಣ' ಅಂತ ಮುದ್ರೆ ಒತ್ತಿಬಿಡ್ತಾರೆ. ವಚನದಾಗೆ ಬರೆದೋರ ಗುರುತು ಒಳಗೇ ಐತಲ್ರೀ, ಅಂಕಿತ. ಕೂಡಲಸಂಗಮದೇವ ಅಂದ್ರೆ ಬಸವಣ್ಣ, ಗುಹೇಶ್ವರ ಅಂದ್ರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದ್ರೆ ಅಕ್ಕ. ಕೊನೆ ಸಾಲು ಕೇಳಿದ್ರೆ ಸಾಕು, ಪಿಯುಸಿ ಓದಿರೋ ನನಗೇ ತಿಳಿಯುತ್ತೆ. ಅಕ್ಕನ ಮಾತಿಗೆ ಅಕ್ಕನ ಹೆಸರು ಹಾಕೋಕೆ ಅಷ್ಟು ಕಷ್ಟಾನಾ?

ಟ್ರ್ಯಾಕ್ ಕಾಣೆಯಾದಾಗ ಸಾಲನ್ನೇ ಅಳ್ಸಿಬಿಡಿ ಅಂತಾರೆ ಕೆಲವ್ರು. ಅಳ್ಸಲ್ಲ. ಹಾಡು ಹಾಕಿದೋರೇ ತೆಗೀತಾರೆ, ಹಕ್ಕಿನೋರು ತೆಗೆಸ್ತಾರೆ, ಒಂದಿನ ಇದ್ದದ್ದು ಮಾರನೇ ದಿನ ಇರಲ್ಲ. ಅಂಥವಕ್ಕೆ ಕೆಂಪು ಬಣ್ಣ ಹಚ್ಚಿ, ಯಾವತ್ತು ಹೋಯ್ತು ಅಂತ ತಾರೀಕು ಹಾಕ್ತೀನಿ. ಇಲ್ದಿದ್ರೆ ಮತ್ತೊಬ್ಳು ಅದನ್ನೇ ಹುಡುಕಿ ಅರ್ಧ ದಿನದ ಡೇಟಾ ಸುಡ್ತಾಳೆ. ಈಗ 23 ಕೆಂಪಾಗವೆ.

ಈಗ ಅಸಲಿ ಜಗಳದ ವಿಷ್ಯಕ್ಕೆ ಬರ್ತೀನಿ. ಹೊಸದುರ್ಗದ ಚಿಕ್ಕಮ್ಮ ನಿಮಗೆಲ್ಲಾ ಗೊತ್ತು. ಎಂಬತ್ತರ ಮ್ಯಾಲಾಯ್ತು. ಅರಿಶಿಣ ಕುಟ್ಟೋದ್ರಿಂದ ಹಿಡಿದು ಹೆಣ್ಣು ಒಪ್ಪಿಸೋವರ್ಗೂ ಒಂದೊಂದಕ್ಕೂ ಸೋಬಾನೆ ಪದ ಐತೆ ಅವ್ರ ಹತ್ರ. ಮದುವೆ ಒಂದರಾಗೆ ಯಾರೋ ಅವ್ರ ಪದನ ಫೋನಿನಾಗೆ ಹಿಡ್ಕೊಂಡು ಹೋಗಿ, ಹಿಂದೆ ವಾದ್ಯ ಸೇರ್ಸಿ, 'ಜನಪದ, ಸಾಂಪ್ರದಾಯಿಕ' ಅಂತ ಹಾಕವ್ರೆ. ಕೆಳಗೆ ಹಾಕಿದೋನ ಹೆಸರು ದಪ್ಪಕ್ಷರದಾಗೆ. ನಮ್ಮ ಹುಡುಗೀರು ಅದನ್ನೇ ಸೀಮಂತದಾಗೆ ಹಾಡಿದ್ರು. ಚಿಕ್ಕಮ್ಮ ಕೇಳ್ತಾ ಕೂತಿದ್ದು, ಆಮೇಲೆ ನನ್ನ ಹತ್ರ ಬಂದು "ಅದ್ರಾಗೆ ಯಾರ್ದು ಅಂತ ಬರ್ದೈತವ್ವಾ?" ಅಂತ ಕೇಳಿದ್ರು. ಓದೋಕೆ ಬರಲ್ಲ ಅವ್ರಿಗೆ. ಇದ್ದದ್ದನ್ನ ಓದಿ ಹೇಳ್ದೆ. "ಹೂಂ" ಅಂದ್ರು, ಎಲಡಿಕೆ ಚೀಲ ಬಿಚ್ಚಿದ್ರು, ಅಷ್ಟೇ.

ಜಾನಪದಕ್ಕೆ ಒಡೆಯರಿಲ್ಲ, ಚಿಕ್ಕಮ್ಮ ಏನು ಕಟ್ಟಿದ್ರಾ, ಅಂತ ವಾದ ಮಾಡೋರಿದಾರೆ. ಕಟ್ಟಿಲ್ಲ, ಒಪ್ತೀನಿ. ಅವ್ರು ಅತ್ತೆಯಿಂದ ಕಲಿತ್ರು, ಆ ಅತ್ತೆ ತನ್ನ ತವರಿನಾಗೆ ಕಲಿತಿದ್ರು. ಆದ್ರೆ ನಡುಮಧ್ಯ ಎರಡು ಸಾಲು ಚಿಕ್ಕಮ್ಮಂದೇ, ಅವ್ರೇ ಹೇಳ್ತಾರೆ. ಮತ್ತೆ ಇಷ್ಟು ವರ್ಷ ಅದನ್ನ ಮರೀದಂಗೆ ಹೊತ್ಕೊಂಡು ಬಂದೋರು ಯಾರು, ಸಾಂಪ್ರದಾಯಿಕ ಅನ್ನೋ ಆ ಪದಾನಾ?

ನಮ್ಮ ಜಿಲ್ಲೆಯೋರೇ ಸಿರಿಯಜ್ಜಿ, ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಕಾಡುಗೊಲ್ಲರ ಹೆಣ್ಮಗಳು. ಅಕ್ಷರ ಕಲಿತೋರಲ್ಲ, ಸಾವಿರಾರು ಪದ ನಾಲಿಗೆ ಮ್ಯಾಲಿದ್ವು. ಕೃಷ್ಣಮೂರ್ತಿ ಹನೂರು ಅವ್ರು ಕೂತು ಕೇಳಿ ಬರ್ಕೊಂಡು, ಸಿರಿಯಜ್ಜಿ ಹಾಡಿದ್ದು ಅಂತಲೇ ಪುಸ್ತಕ ಮಾಡಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಆ ಅಜ್ಜಿಗೆ ನಾಡೋಜ ಕೊಡ್ತು. ಆ ಪದಗಳೂ ಅವ್ರ ಜನ ಹಾಡ್ತಾ ಬಂದವೇ. ಆದ್ರೂ ಹೆಸರು ಬರೆದಿದ್ರಿಂದ ಇವತ್ತು ಸಿರಿಯಜ್ಜಿ ಅಂತೀವಿ. ಬರೀದೇ ಇದ್ದಿದ್ರೆ ಅವ್ರೂ ಒಂದು 'ಸಾಂಪ್ರದಾಯಿಕ' ಆಗಿರ್ತಿದ್ರು.

ಅದ್ಕೆ ನಮ್ಮ ಪಟ್ಟಿಯಾಗೆ ಸೋಬಾನೆ ಪದಗಳಿಗೆ ಬೇರೆ ಹಾಳೆ ಮಾಡಿದೀನಿ. 'ಬರೆದೋರು' ಅನ್ನೋ ಕಾಲಂ ಅಲ್ಲಿಲ್ಲ. ಅದರ ಬದಲು 'ಯಾರ ಬಾಯಿಂದ ಕೇಳಿದ್ದು', 'ಅವ್ರು ಯಾರಿಂದ ಕಲಿತದ್ದು', 'ಯಾವ ಊರು'. ಅಕ್ಕನ ಮಗಳು ಮೊದ್ಲು ನಕ್ಕಳು, ಆಮೇಲೆ ತನ್ನ ಅಜ್ಜಿದು ನಾಲ್ಕು ಪದ ತಾನೇ ತುಂಬಿದ್ಲು. ಹೆಸರು ಹಾಕೋಕೆ ಮುಂಚೆ ಅವ್ರನ್ನ ಕೇಳ್ಬೇಕು, ಬ್ಯಾಡ ಅಂದ್ರೆ ಬ್ಯಾಡ. ಒಬ್ರು ಬ್ಯಾಡ ಅಂದ್ರು, ಅಲ್ಲಿ ಊರು ಮಾತ್ರ ಐತೆ.

ಐವತ್ತು ಹಾಡು ಬೇಕು ಅನ್ನೋರು ತಲಾ ಮೂರು ಹಂಚ್ಕೊಳ್ಳಿ. ಕೊನೇವರ್ಗೂ ಕೇಳಿ, ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಗುರುತು ಒತ್ತಿ ನೆಟ್ ಇಲ್ದೇ ಒಂದ್ಸಲ ಹಾಕಿ ನೋಡಿ, ಆಮೇಲೆ ತಾರೀಕಿನ ಜೊತೆ ನಿಮ್ಮ ಹೆಸರು ಹಾಕಿ. ನಾನು ತಡೆಯಲ್ಲ. ಓಬವ್ವನ ಹಾಡಿನ ಹೆಂಗಸ್ರ ಶ್ರುತಿ ಟ್ರ್ಯಾಕು ಎರಡು ಅವೆ, 41ನೇ ಸಾಲಿಂದು ಪೂರ್ತಿ ಐತೆ, 42ನೇದು ಕೊನೆ ಚರಣ ಇಲ್ಲ. ಹೋದ ವರ್ಷ ಹಾಡು ನಿಂತು ಹೋದೋಳಿಗೆ 41ನೇದನ್ನ ನಾನೇ ಕಳ್ಸಿದೀನಿ, ಇನ್ನೂ ಉತ್ತರ ಬಂದಿಲ್ಲ. ನೀವ್ಯಾರೂ ಅವ್ಳನ್ನ ಕೆಣಕಬೇಡಿ.

ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಹೊಸದುರ್ಗದಾಗೆ ಚಿಕ್ಕಮ್ಮನ ಪದ ಹಿಡಿಯೋಕೆ ಹೋಗ್ತೀವಿ. ಬರೋರು ಬಸ್ಸಿನಾಗೆ ಬನ್ನಿ, ಕಾರಿನಾಗೆ ಒಂದೇ ಜಾಗ ಉಳಿದೈತೆ. ಆ ಹೊತ್ನಾಗೆ ಮಿಕ್ಸಿ, ಕುಕ್ಕರ್ ಯಾರೂ ಹಾಕಂಗಿಲ್ಲ ಅಂತ ಅವ್ರ ಸೊಸೆಗೆ ಹೇಳಿದೀನಿ. ಅನ್ನ ಹಿಂದಿನ ಬಚ್ಚಲ ಒಲೆ ಮ್ಯಾಲೆ ಮಾಡ್ತಾಳಂತೆ.