ಕಟ್ಟಳೆಯೆಲ್ಲ ಗುಳಿಗೆ ನುಂಗುವವರಿಗೆ

ಮಲೇರಿಯವನ್ನು ಅಳಿಸುವುದು ಹೇಗೆಂದು ಹೇಳುವ ಮಾರ್ಗಸೂಚಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ತಿದ್ದಿ ತಿದ್ದಿ ಬರೆಯುತ್ತಲೇ ಇದೆ. 2007ರಲ್ಲಿ ಕೈಪಿಡಿ, 2015ರಲ್ಲಿ ಜಾಗತಿಕ ಕಾರ್ಯತಂತ್ರ, 2017ರಲ್ಲಿ ನಿರ್ಮೂಲನೆಯ ಚೌಕಟ್ಟು, 2021ರಲ್ಲಿ ಎಲ್ಲವನ್ನೂ ಕೂಡಿಸಿದ ಮಾರ್ಗಸೂಚಿ, 2022ರಲ್ಲಿ ಅದಕ್ಕೆ ನಿರ್ಮೂಲನೆಯ ಹೊಸ ಶಿಫಾರಸುಗಳು. ಓದಿ ನೋಡಿ. ಸೊಳ್ಳೆಯನ್ನು ಏನು ಮಾಡಬೇಕೆಂದು ಅಲ್ಲಿದೆ. ಬೆರಳು ಚುಚ್ಚಿಸಿಕೊಂಡು ರಕ್ತ ಕೊಡುವವರು, ಪರದೆ ಕಟ್ಟಿಕೊಂಡು ಮಲಗುವವರು, ಗುಳಿಗೆ ನುಂಗುವವರು ಏನು ಮಾಡಬೇಕೆಂದೂ ಇದೆ. ಸೊಳ್ಳೆ ಹುಟ್ಟುವ ನೀರನ್ನು ನಿಲ್ಲಿಸಿದವನು ಏನು ಮಾಡಬೇಕು? ದುಡ್ಡು ಕೊಡುತ್ತೇನೆಂದು ಮಾತು ಕೊಟ್ಟು ನಡುದಾರಿಯಲ್ಲಿ ಕೈಬಿಟ್ಟ ದೇಶ ಯಾರಿಗೆ ಉತ್ತರ ಹೇಳಬೇಕು? ಅಲ್ಲಿಗೆ ಬಂದಾಗ ಸಹಕಾರ, ಸಹಭಾಗಿತ್ವ ಎಂಬ ಮೆತ್ತನೆಯ ಮಾತುಗಳು. ಕಟ್ಟಳೆಯೆಲ್ಲ ಬಡವನ ಮೈಗೆ.

ಈ ಕಾಗದಗಳ ಹಿಂದೆ ಒಂದು ಹಳೆಯ ದ್ರೋಹವಿದೆ. 1955ರಲ್ಲಿ ಮೆಕ್ಸಿಕೊ ನಗರದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆ, ಇಡೀ ಜಗತ್ತಿನಿಂದ ಮಲೇರಿಯ ತೊಲಗಿಸುತ್ತೇವೆಂದು ಸಾರಿತು. ಡಿಡಿಟಿ ಕೈಯಲ್ಲಿತ್ತು, ಕ್ಲೋರೊಕ್ವಿನ್ ಇತ್ತು, ಗೆದ್ದೇಬಿಟ್ಟೆವೆಂಬ ಹುಮ್ಮಸ್ಸಿತ್ತು. ಆದರೆ ಸಹಾರದ ದಕ್ಷಿಣದ ಆಫ್ರಿಕದ ಬಹುಭಾಗವನ್ನು ಆ ಲೆಕ್ಕದಿಂದಲೇ ಹೊರಗಿಟ್ಟರು. ಅಲ್ಲಿ ಜ್ವರ ಬಹಳ, ರಸ್ತೆಯಿಲ್ಲ, ಆಸ್ಪತ್ರೆಯಿಲ್ಲ, ಆಗದ ಕೆಲಸ ಎಂದರು. ಆ ನೆಲದಲ್ಲಿ ರಸ್ತೆ, ಆಸ್ಪತ್ರೆ ಇಲ್ಲದಂತೆ ಮಾಡಿದವರು ಯಾರು? ಅಲ್ಲಿನ ಚಿನ್ನ, ತಾಮ್ರ, ಕೋಕೊವನ್ನು ಹಡಗು ತುಂಬಿಸಿಕೊಂಡು ಹೋದವರೇ. ಸುಲಿದವನೇ ಬಂದು, ನಿನ್ನ ಮನೆ ರಿಪೇರಿಯಾಗುವಂಥದ್ದಲ್ಲ ಎಂದು ತೀರ್ಪು ಕೊಟ್ಟ. 1969ರಲ್ಲಿ ಅದೇ ಸಭೆ, ನಿರ್ಮೂಲನೆ ಎಲ್ಲ ಕಡೆ ಸಾಧ್ಯವಿಲ್ಲವೆಂದು ಒಪ್ಪಿ ಹಿಂದೆ ಸರಿಯಿತು. 2023ರಲ್ಲಿ ಜಗತ್ತಿನಲ್ಲಿ ಮಲೇರಿಯದಿಂದ ಸತ್ತವರು ಅಂದಾಜು 5 ಲಕ್ಷ 97 ಸಾವಿರ. ಅದರಲ್ಲಿ ಶೇ 95ರಷ್ಟು ಸಾವು ಆಫ್ರಿಕ ವಲಯದಲ್ಲಿ. ಆ ವಲಯದಲ್ಲಿ ಸತ್ತವರಲ್ಲಿ ನಾಲ್ಕಕ್ಕೆ ಮೂರು ಪಾಲು ಐದು ವರ್ಷ ತುಂಬದ ಮಕ್ಕಳು. 1955ರಲ್ಲಿ ನಕ್ಷೆಯ ಮೇಲೆ ಎಳೆದ ಆ ಗೆರೆ ಇಂದಿಗೂ ಮಕ್ಕಳನ್ನು ಕೊಲ್ಲುತ್ತಿದೆ.

ನಮ್ಮ ದೇಶದ ಕತೆಯಲ್ಲಿ ಹೊರಗಿನವರನ್ನಷ್ಟೇ ಬಯ್ದರೆ ಸಾಲದು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯ, ಎಂಟು ಲಕ್ಷ ಸಾವು ಎಂಬುದು ಅಂದಿನ ಅಂದಾಜು. ಅಂದಿನ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ 1946ರ ಹೊತ್ತಿಗೇ ಡಿಡಿಟಿ ಹೊಡೆದು ನೋಡಿದ್ದರು. ಚಳಿಜ್ವರಕ್ಕೆ ಹೆದರಿ ಮಲೆನಾಡಿನ ತೋಟ ಬಿಟ್ಟು ಓಡುತ್ತಿದ್ದ ಜನ ಮತ್ತೆ ಅಲ್ಲಿ ನೆಲೆ ನಿಂತರು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮ. ಅರವತ್ತರ ದಶಕದ ನಡುವಿಗೆ ದೇಶದ ವಾರ್ಷಿಕ ಪ್ರಕರಣ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಗೆಲುವು ಕಣ್ಣೆದುರಿಗೇ ಇತ್ತು. ಆಮೇಲೆ ಸೊಳ್ಳೆ ಡಿಡಿಟಿಗೆ ಬಗ್ಗದಾಯಿತು, ಹೊರಗಿನ ನೆರವು ಬತ್ತಿತು. ದಿಲ್ಲಿಯ ಸರಕಾರಗಳಿಗೆ ಹಳ್ಳಿಯಲ್ಲಿ ಒಂದು ಗಟ್ಟಿ ಆರೋಗ್ಯ ಕೇಂದ್ರ ಕಟ್ಟುವ ಮನಸ್ಸಿರಲಿಲ್ಲ. ಔಷಧಿ ಹೊಡೆಯುವವನು ವಾಪಸು ಹೋದ ಮೇಲೆ ಜ್ವರ ಬಂದವನ ರಕ್ತ ನೋಡಲು ಊರಲ್ಲಿ ಯಾರೂ ಉಳಿಯಲಿಲ್ಲ. 1976ರಲ್ಲಿ 64 ಲಕ್ಷ ದಾಟಿದ ಪ್ರಕರಣಗಳು. ಶ್ರೀಲಂಕೆಯಲ್ಲೂ ಹೀಗೇ ಆಯಿತು. 1963ರಲ್ಲಿ ಅಲ್ಲಿ ಸಿಕ್ಕಿದ್ದು ಬರೀ 17 ಪ್ರಕರಣ. ಔಷಧಿ ಸಿಂಪಡಣೆ ನಿಲ್ಲಿಸಿದರು. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಐದು ಲಕ್ಷ ಜನ ನಡುಗುತ್ತ ಮಲಗಿದ್ದರು. ಅದೇ ಶ್ರೀಲಂಕ ಅಂತರ್ಯುದ್ಧದ ನಡುವೆಯೂ ರಕ್ತ ಪರೀಕ್ಷೆ ಬಿಡದೆ ಮಾಡಿ, 2016ರಲ್ಲಿ ಮಲೇರಿಯಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಗುಂಡು ಹಾರುವ ನೆಲದಲ್ಲಿ ಅವರಿಗೆ ಆದದ್ದು ನಮಗೆ ಏಕಾಗಲಿಲ್ಲವೆಂದು ನಮ್ಮ ಆಳುವವರನ್ನು ಕೇಳಬೇಕು.

ಈಗ ಭಾರತ 2027ಕ್ಕೆ ಸ್ಥಳೀಯ ಪ್ರಕರಣ ಸೊನ್ನೆ, 2030ಕ್ಕೆ ನಿರ್ಮೂಲನೆ ಎಂದು ಗುರಿ ಇಟ್ಟುಕೊಂಡಿದೆ. ಪ್ರಕರಣಗಳು ಬಹಳ ಇಳಿದಿವೆ, ನಿಜ. ಹಾಗಾದರೆ ಉಳಿದಿರುವುದು ಯಾರ ಮೈಯಲ್ಲಿ? ಒಡಿಶಾ, ಛತ್ತೀಸಗಡ, ಜಾರ್ಖಂಡದ ಕಾಡಿನ ಆದಿವಾಸಿಗಳ ಮೈಯಲ್ಲಿ, ಈಶಾನ್ಯದ ಗುಡ್ಡದ ಜನರ ಮೈಯಲ್ಲಿ, ನಗರಗಳಲ್ಲಿ ಕಟ್ಟಡ ಕಟ್ಟುವವರ ಮೈಯಲ್ಲಿ.

ಮಂಗಳೂರನ್ನೇ ತೆಗೆದುಕೊಳ್ಳಿ. ತೊಂಬತ್ತರ ದಶಕದಿಂದ ಈಚೆಗೆ ವರ್ಷಗಟ್ಟಲೆ ರಾಜ್ಯದ ಮಲೇರಿಯದಲ್ಲಿ ದೊಡ್ಡ ಪಾಲು ಆ ಊರಿನದೇ ಆಗಿತ್ತು. ಎದ್ದು ನಿಲ್ಲುತ್ತಿರುವ ಬಹುಮಹಡಿ, ಕಾಂಕ್ರೀಟಿಗೆ ಕಟ್ಟಿದ ಕ್ಯೂರಿಂಗ್ ನೀರು, ಲಿಫ್ಟ್ ಗುಂಡಿಯ ನೀರು, ಮುಚ್ಚಳವಿಲ್ಲದ ಟ್ಯಾಂಕು. ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ಅದೇ ಕಟ್ಟಡದ ಕೆಳಗೆ, ಬಾಗಿಲಿಲ್ಲದ ತಗಡಿನ ಶೆಡ್ಡಿನಲ್ಲಿ ಬಾಗಲಕೋಟೆಯವನೋ ರಾಯಚೂರಿನವನೋ ಬಿಹಾರದವನೋ ಮಲಗುತ್ತಾನೆ. ಜ್ವರ ಬಂತೆಂದರೆ ಊರಿನ ಮಾತು ಏನು? ‘ಇವರೇ ತಂದದ್ದು.’ ಸರಕಾರಿ ರಿಜಿಸ್ಟರಿನಲ್ಲಿ ಅವನು ವಲಸೆ ಪ್ರಕರಣ. ನೀರು ನಿಲ್ಲಿಸಿದ್ದು ಬಿಲ್ಡರು, ಫ್ಲ್ಯಾಟು ಕೊಳ್ಳುವವನು ಬೇರೆಯವನು, ಜ್ವರ ಮಾತ್ರ ಕೂಲಿಯವನ ಹೆಸರಿಗೆ! ಜಾಗತಿಕ ಲೆಕ್ಕವೂ ಇದನ್ನೇ ಮಾಡುತ್ತದೆ. ಮೂರು ವರ್ಷ ಸತತವಾಗಿ ಸ್ಥಳೀಯ ಪ್ರಕರಣ ಸೊನ್ನೆಯಿದ್ದರೆ ಪ್ರಮಾಣಪತ್ರ. ಗಡಿಯಾಚೆ ಸೋಂಕು ಹಿಡಿದು ಬಂದವನ ಜ್ವರ ಆ ಲೆಕ್ಕಕ್ಕಿಲ್ಲ. ವೈದ್ಯಶಾಸ್ತ್ರಕ್ಕೆ ಈ ವಿಂಗಡಣೆ ಬೇಕು, ಒಪ್ಪುತ್ತೇನೆ. ಆದರೆ ಪ್ರಮಾಣಪತ್ರದ ಆಸೆಗೆ ಬಿದ್ದ ಆಡಳಿತದ ಕೈಯಲ್ಲಿ ಅದು ವಲಸೆಗಾರನನ್ನು ಕಳಂಕಿತನನ್ನಾಗಿಸುವ ಮೊಹರು.

ಮಂಗಳೂರಿನ ಮಲೇರಿಯದಲ್ಲಿ ಹೆಚ್ಚಿನದು ವೈವಾಕ್ಸ್. ಈ ಪರಾವಲಂಬಿ ರಕ್ತದಿಂದ ಹೋದ ಮೇಲೂ ಯಕೃತ್ತಿನಲ್ಲಿ ಅಡಗಿ ಕೂತು, ತಿಂಗಳುಗಳಾದ ಮೇಲೆ ಮತ್ತೆ ಮೇಲೇಳುತ್ತದೆ. ಅದನ್ನು ಬೇರಿನಿಂದ ತೆಗೆಯಲು ನಮ್ಮ ದೇಶದ ಪದ್ಧತಿಯಲ್ಲಿ ಪ್ರೈಮಾಕ್ವಿನ್ ಗುಳಿಗೆಯನ್ನು 14 ದಿನ ನುಂಗಬೇಕು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿರುತ್ತದೆ, ಮೇಸ್ತ್ರಿ ಕರೆಯುತ್ತಾನೆ, ಸೈಟು ಬದಲಾಗುತ್ತದೆ, ಗುಳಿಗೆ ಚೀಲದಲ್ಲೇ ಉಳಿಯುತ್ತದೆ. ಆಗ ತಜ್ಞರು ಬರೆಯುತ್ತಾರೆ, ರೋಗಿಗಳು ಚಿಕಿತ್ಸೆ ಪೂರ್ಣಗೊಳಿಸುವುದಿಲ್ಲ ಎಂದು. ಸುಸ್ತಾದ ದಿನಗಳ ಕೂಲಿಯನ್ನು ಅವನಿಗೆ ಯಾರು ಕೊಟ್ಟರು? ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದೇ 1996ರಲ್ಲೇ ಕಾನೂನು ಬಂತು, ಕಟ್ಟಡದ ವೆಚ್ಚದ ಮೇಲೆ ಸೆಸ್ ಇದೆ, ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. ಆ ದುಡ್ಡಿನಿಂದ ಅವನ ಕೂಲಿ ತುಂಬಿಕೊಡಿ ಎಂದು ಯಾವ ಮಲೇರಿಯ ಮಾರ್ಗಸೂಚಿ ಹೇಳಿತು? ಇನ್ನು ಹೆಂಗಸರ ಪಾಡು. ಬಸುರಿಯರಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ. ಗಂಡಸಾಗಲಿ ಹೆಂಗಸಾಗಲಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಿಗೆ ಅದರಿಂದ ರಕ್ತಕಣ ಒಡೆಯುತ್ತದೆ. ಆ ಕೊರತೆಯನ್ನು ಮೊದಲೇ ಪರೀಕ್ಷಿಸುವ ಸೌಕರ್ಯ ಬಹುತೇಕ ಹಳ್ಳಿಯ ಕೇಂದ್ರಗಳಲ್ಲಿ ಇಲ್ಲ. ಬಸುರಿ ಹೆಂಗಸು ಜ್ವರ ಮರುಕಳಿಸಿದಾಗಲೆಲ್ಲ ರಕ್ತ ಕಳೆದುಕೊಳ್ಳುತ್ತ ಹೆರಿಗೆಯವರೆಗೆ ಕಾಯಬೇಕು.

ಮಂಗಳೂರಿನ ಆ ಸೊಳ್ಳೆಯ ಜಾತಿ ಗಡಿ ದಾಟಿಯೂ ಹೋಗಿದೆ. ದಕ್ಷಿಣ ಏಷ್ಯದ ಈ ಸ್ಟೀಫನ್ಸಿ 2012ರಲ್ಲಿ ಆಫ್ರಿಕದ ಕೊಂಬಿನ ಜಿಬೂಟಿಯಲ್ಲಿ ಸಿಕ್ಕಿತು. ಆ ವರ್ಷ ಆ ಪುಟ್ಟ ದೇಶದಲ್ಲಿದ್ದದ್ದು 27 ಪ್ರಕರಣ, ನಿರ್ಮೂಲನೆ ಕೈಗೆಟುಕುವಂತಿತ್ತು. 2020ರ ಹೊತ್ತಿಗೆ 73 ಸಾವಿರ ದಾಟಿತು. ಬಂದರು, ಕಂಟೇನರು, ನಗರದ ನೀರಿನ ತೊಟ್ಟಿ, ಎಲ್ಲವೂ ಸೇರಿ ಹಳ್ಳಿಯ ಕಾಯಿಲೆಯನ್ನು ಪಟ್ಟಣಕ್ಕೆ ಎಳೆದು ತಂದವು. ವ್ಯಾಪಾರದ ಲಾಭ ಒಬ್ಬರಿಗೆ, ಅದರ ಜ್ವರ ಇನ್ನೊಬ್ಬರಿಗೆ.

ಸಾಕ್ಷ್ಯದ ಮಾತು ಬರುತ್ತದೆ ಈಗ. 2022ರ ನಿರ್ಮೂಲನೆಯ ಶಿಫಾರಸುಗಳಲ್ಲಿ ಬಹುಪಾಲು ಷರತ್ತಿನವು, ಸಾಕ್ಷ್ಯದ ಖಚಿತತೆ ಕಡಿಮೆ ಎಂಬ ಟಿಪ್ಪಣಿ ಹೊತ್ತವು. ಸಾಕ್ಷ್ಯ ಬೇಡವೆಂದು ನಾನು ಹೇಳುವುದಿಲ್ಲ. ಸಾಕ್ಷ್ಯವಿಲ್ಲದೆ ಬಡವರ ಬಾಯಿಗೆ ಔಷಧ ಸುರಿದವರನ್ನು ನಾವು ಕಂಡಿದ್ದೇವೆ. ಆದರೆ ಯಾರ ಅನುಭವ ಸಾಕ್ಷ್ಯವಾಗುತ್ತದೆ? ಊರಿಗೆ ಊರನ್ನೇ ಪರೀಕ್ಷಿಸಿ, ಸೋಂಕಿದ್ದವರಿಗಷ್ಟೇ ಔಷಧ ಕೊಡುವ ವಿಧಾನದಿಂದ ಹರಡುವಿಕೆ ತಗ್ಗದು, ಅದು ಬೇಡ ಎಂದು ಆ ಶಿಫಾರಸು ಹೇಳಿತು. ಒಡಿಶಾ 2017ರಿಂದ ಮಲ್ಕಾನಗಿರಿ, ಕೊರಾಪುಟ್‌ನಂಥ ಜಿಲ್ಲೆಗಳ ದುರ್ಗಮ ಹಾಡಿಗಳಿಗೆ ಶಿಬಿರ ಹೊತ್ತುಕೊಂಡು ಹೋಗಿ ಜ್ವರವಿದ್ದವರು ಇಲ್ಲದವರು ಎನ್ನದೆ ಎಲ್ಲರ ರಕ್ತ ನೋಡಿತು. ಜತೆಗೆ ಒಂದು ಕೋಟಿಗೂ ಹೆಚ್ಚು ಪರದೆ ಹಂಚಿತು, ಮನೆಗಳಿಗೆ ಔಷಧಿ ಹೊಡೆಯಿತು. ಮರುವರ್ಷಕ್ಕೇ ಪ್ರಕರಣ ಶೇ 80ರಷ್ಟು ಕುಸಿಯಿತು. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಅದುವರೆಗೆ ಆರೋಗ್ಯ ಇಲಾಖೆಯವರ ಮುಖವನ್ನೇ ಕಾಣದ ಹಾಡಿಗೆ ಮನುಷ್ಯರು ನಡೆದು ಹೋದರಲ್ಲ, ಅದನ್ನು ಅಳೆಯುವ ಕೋಷ್ಟಕ ವಿಶ್ವ ಆರೋಗ್ಯ ಸಂಸ್ಥೆಯ ಜಿನೀವಾ ಕಚೇರಿಯಲ್ಲಿ ಇಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಮಕ್ಕಳಿಗೆ ಮಲೇರಿಯದ ಮೊದಲ ಲಸಿಕೆಗೆ ಯುರೋಪಿನ ಔಷಧ ಸಂಸ್ಥೆಯ ಒಪ್ಪಿಗೆಯ ಅಭಿಪ್ರಾಯ ಸಿಕ್ಕಿದ್ದು 2015ರಲ್ಲಿ. ಪ್ರಾಯೋಗಿಕ ಬಳಕೆ ಶುರುವಾದದ್ದು 2019ರಲ್ಲಿ, ಶಿಫಾರಸು ಬಂದದ್ದು 2021ರಲ್ಲಿ. ಕ್ಯಾಮರೂನಿನ ಮಕ್ಕಳಿಗೆ ವಾಡಿಕೆಯ ಲಸಿಕೆಯಾಗಿ ತಲುಪಿದ್ದು 2024ರ ಜನವರಿಯಲ್ಲಿ. ಈ ಕಾಯಿಲೆ ಲಂಡನ್ನಿನ, ನ್ಯೂಯಾರ್ಕಿನ ಮಕ್ಕಳಿಗೆ ಬರುತ್ತಿದ್ದರೆ ಎಂಟೂವರೆ ವರ್ಷ ಕಾಯುತ್ತಿದ್ದರೇ? 2023ರಲ್ಲಿ ಮಲೇರಿಯಕ್ಕೆ ಬೇಕಿದ್ದದ್ದು 830 ಕೋಟಿ ಡಾಲರ್, ಸಿಕ್ಕಿದ್ದು ಸುಮಾರು 400 ಕೋಟಿ. 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರನಡೆಯುತ್ತೇನೆಂದಿತು, ಅದೇ ವರ್ಷ ವಿದೇಶಿ ನೆರವಿನ ತನ್ನ ಸಂಸ್ಥೆಯನ್ನೇ ಕೆಡವಿತು. 1969ರ ನಾಟಕ ಮತ್ತೆ ರಂಗಕ್ಕೆ ಬಂದಿದೆ. ಒಬ್ಬ ಶ್ರೀಮಂತನ ಪ್ರತಿಷ್ಠಾನದ ಹಣಕ್ಕೆ ಸಂಶೋಧನೆಯೆಲ್ಲ ಜೋತುಬಿದ್ದರೆ ಸ್ವತಂತ್ರ ವಿಮರ್ಶೆಗೆ ಜಾಗವಿರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಲೇರಿಯ ವಿಭಾಗದ ಮುಖ್ಯಸ್ಥರಾಗಿದ್ದ ಅರಾಟ ಕೊಚಿ ಆಕ್ಷೇಪಿಸಿದ್ದು 2008ರಲ್ಲಿ ಬಯಲಾಗಿತ್ತು. ಆ ಎಚ್ಚರಿಕೆಯನ್ನು ಕೇಳಿಸಿಕೊಂಡವರು ಕಡಿಮೆ.

ಮಾರ್ಗಸೂಚಿಯನ್ನು ಹಾಡಿಗೆ ಹೊತ್ತೊಯ್ಯುವವಳು ಯಾರು? ನಮ್ಮ ಆಶಾ ಕಾರ್ಯಕರ್ತೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಕೆಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಆಕೆ ರಕ್ತ ತೆಗೆದ ಒಂದು ಸ್ಲೈಡಿಗೆ ವರ್ಷಗಟ್ಟಲೆ ಸಿಕ್ಕಿದ್ದು 15 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಆಶಾಗಳು ಕೂತು ತಿಂಗಳಿಗೆ 15 ಸಾವಿರ ಕೇಳಬೇಕಾಯಿತು.

ಹೊಸ ಮಾರ್ಗಸೂಚಿ ಬರೆಯುವ ಮೇಜಿಗೆ ಆಕೆಯನ್ನು ಕರೆಯಿರಿ, ಮತದಾನದ ಹಕ್ಕು ಕೊಟ್ಟು ಕರೆಯಿರಿ. ಗುಳಿಗೆಯ ಅಳತೆ ಬರೆದ ಪುಟದಲ್ಲೇ ಆ ದಿನಗಳ ಕೂಲಿಯನ್ನೂ ಬರೆಯಿರಿ. ನೀರು ನಿಲ್ಲಿಸಿದ ಬಿಲ್ಡರಿಗೆ ದಂಡ, ಶೆಡ್ಡಿಗೆ ಬಾಗಿಲು, ಕಿಟಕಿಗೆ ಜಾಲರಿ ಎಂದು ಬರೆಯಿರಿ. ಕೊರತೆ ಬಿದ್ದ 430 ಕೋಟಿ ಡಾಲರಿನಲ್ಲಿ ಯಾವ ದೇಶದ ಬಾಕಿ ಎಷ್ಟೆಂದು ಹೆಸರು ಹಿಡಿದು, ವರ್ಷ ವರ್ಷ ಅಚ್ಚು ಹಾಕಿ.