ಚಳಿಗಾಲವೂ ಗೋಡೆಯ ಕಿಂಡಿಯೂ

ಪುಷ್ಯಮಾಸದ ಚಳಿಗೆ ಬೀದರ, ವಿಜಯಪುರ, ಧಾರವಾಡದ ಕಡೆ ಮುಂಜಾವಿನಲ್ಲಿ ತಣ್ಣೀರು ಮುಟ್ಟುವಂತಿಲ್ಲ. ಇಂಥ ದಿನಗಳಲ್ಲಿ ನಮ್ಮ ಜನ ಮಾಡುವ ಮೊದಲ ಕೆಲಸ ಕಿಟಕಿ, ಬೆಳಕಿಂಡಿಗಳಿಗೆ ಗೋಣಿತಾಟು, ರಟ್ಟು ತುರುಕುವುದು. ಚಳಿಗಿಂತ ಹೆಚ್ಚಿನ ಗಂಡಾಂತರವಿರುವುದು ಈ ರಟ್ಟಿನಲ್ಲಿಯೇ ಎಂದು ನಾವು ಹೇಳಬೇಕಾಗಿದೆ.

ಇದ್ದಿಲಾಗಲಿ ಗ್ಯಾಸಾಗಲಿ, ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಅದರ ಲಕ್ಷಣ. ಕೆಂಡದ ಬುಟ್ಟಿಯನ್ನು ಕೋಣೆಯಲ್ಲಿಟ್ಟು ಮಲಗಿದವನಿಗೆ ಅಷ್ಟೂ ತಿಳಿಯುವುದಿಲ್ಲ. ಗ್ಯಾಸಿಗೆ ನಾತವಿದೆಯಲ್ಲ ಎನ್ನುವವರಿದ್ದಾರೆ. ಆ ನಾತ ಸೋರಿಕೆ ತಿಳಿಯಲೆಂದು ಬೆರೆಸಿದ್ದು. ಗ್ಯಾಸು ಉರಿದ ಮೇಲೆ ಹುಟ್ಟುವ ವಿಷಕ್ಕೆ ಅದಿಲ್ಲ.

ಹಿಂದೆ ಬಚ್ಚಲಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಹೊಗೆ ಹೋಗಲು ಗವಾಕ್ಷಿಯಿತ್ತು. ಹೊಗೆ ಕಟ್ಟಿದರೆ ಕಣ್ಣುರಿದು ಮನುಷ್ಯ ತಾನೇ ಹೊರಕ್ಕೆ ಓಡುತ್ತಿದ್ದ. ಈಗಿನ ಬಾಡಿಗೆ ಮನೆಯ ಬಚ್ಚಲು ನಾಲ್ಕಡಿಯ ಗೂಡು. ಅದರೊಳಗೇ ಗ್ಯಾಸ್ ಗೀಸರ್, ಮೇಲೆ ಬಿಗಿಯಾದ ಬಾಗಿಲು. ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿಯ ಕೆಲಸಗಾರ ಚಿಲಕ ಹಾಕಿಕೊಂಡು ಸ್ನಾನಕ್ಕೆ ನಿಂತರೆ ಅವನನ್ನು ಎಚ್ಚರಿಸುವ ಹೊಗೆಯೂ ಇಲ್ಲ. ಗೀಸರ್ ಇರಬೇಕಾದದ್ದು ಹೊರಗೆ, ಗಾಳಿಯಾಡುವ ಕಡೆ. ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಬೇಕು. ಅದಾಗುವತನಕ ಬಾಗಿಲು ತೆರೆದಿಟ್ಟು ಬಕೆಟ್ಟು ತುಂಬಿಸಿ, ಗ್ಯಾಸು ಆರಿಸಿ, ಸ್ವಲ್ಪ ತಡೆದು ಆಮೇಲೆ ಒಳಹೋಗಿರಿ.

ಗೋಡೆ ಒಡೆಯುವ ಅಧಿಕಾರ ಬಾಡಿಗೆದಾರನಿಗಿಲ್ಲ. ಅದು ಮಾಲೀಕರ ಕೆಲಸ. ನಮ್ಮ ಓದುಗರಾದ ವರ್ತಕರಲ್ಲಿಯೇ ಅನೇಕರು ಹಿತ್ತಲಲ್ಲಿ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಬಚ್ಚಲಿಗೆ ಒಂದು ಕಿಂಡಿ, ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ತಂತಿ, ಶಾಕ್ ಹೊಡೆದರೆ ಕೂಡಲೇ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚು: ಇದು ದಯೆ ದಾಕ್ಷಿಣ್ಯದ ಮಾತಲ್ಲ, ಪಡೆದ ಬಾಡಿಗೆಗೆ ಸಲ್ಲಬೇಕಾದ ಋಣ. ಕಿಂಡಿ ಕೊರೆಸಿ ಬಾಡಿಗೆ ಏರಿಸುವ ಮಹಾನುಭಾವರೂ ಇದ್ದಾರು!

ನೀರು ಕಾಯಿಸುವ ರಾಡಿನ ವಿಷಯ ಎಲ್ಲರೂ ಬಲ್ಲರು, ಆದರೂ ಅವಸರದಲ್ಲಿ ಮರೆಯುತ್ತಾರೆ. ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. 1500 ವಾಟಿನ ರಾಡು 20 ಲೀಟರ್ ನೀರನ್ನು ಸ್ನಾನದ ಹದಕ್ಕೆ ತರಲು ಅರ್ಧ ಗಂಟೆ ಸಾಕು, ಖರ್ಚು ಮುಕ್ಕಾಲು ಯೂನಿಟ್ಟಿನೊಳಗೆ. ಮರೆತು ಒಂದು ಗಂಟೆ ಬಿಟ್ಟರೆ ಒಂದೂವರೆ ಯೂನಿಟ್ಟು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಇದು ಸಣ್ಣ ಲೆಕ್ಕವಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯ ನಿಯಮದಂತೆ ಬಳಕೆ 200 ಯೂನಿಟ್ಟು ದಾಟಿದ ತಿಂಗಳು ಇಡೀ ಬಿಲ್ಲನ್ನು ತೆರಬೇಕು. ಅಂಗಡಿಯ ಮೀಟರಿಗಂತೂ ಆ ಯೋಜನೆ ಅನ್ವಯಿಸುವುದೇ ಇಲ್ಲ.

ಗೀಸರ್ ಮಾರುವ ವರ್ತಕ ಬಾಂಧವರಿಗೂ ಒಂದು ಮಾತು. ಗಿರಾಕಿ ಎಷ್ಟೇ ಹಟ ಹಿಡಿದರೂ ಕಿಂಡಿಯಿಲ್ಲದ ಬಚ್ಚಲೊಳಗೆ ಅದನ್ನು ಕೂರಿಸಲು ನಿಮ್ಮ ಆಳನ್ನು ಕಳಿಸಬೇಡಿ. ಹೊಸ ಮನೆಯ ನಕ್ಷೆಗೆ ಮುದ್ರೆ ಒತ್ತುವ ಮುನ್ನ ಬಚ್ಚಲ ಗೋಡೆಯತ್ತಲೂ ಕಣ್ಣು ಹಾಯಿಸಬೇಕೆಂದು ನಗರಸಭೆಯನ್ನು ಒತ್ತಾಯಿಸುತ್ತೇವೆ.