ಕತ್ತಿಗೆ ಕತ್ತರಿ ಹಾಕುವ ಮುನ್ನ ಮೂತ್ರ ಪರೀಕ್ಷಿಸಿ

ಹೆಲ್ತ್ ಚೆಕಪ್ ಪ್ಯಾಕೇಜುಗಳು ತಾಲ್ಲೂಕು ಕೇಂದ್ರಗಳಿಗೂ ಬಂದ ಮೇಲೆ, ಯಾವ ತೊಂದರೆಯನ್ನೂ ಹೇಳಿಕೊಳ್ಳದವರ ರಕ್ತದಲ್ಲೂ ಕ್ಯಾಲ್ಸಿಯಂ ಹೆಚ್ಚಿರುವುದು ಬಯಲಾಗುತ್ತಿದೆ. ಡೆಸಿಲೀಟರ್ ರಕ್ತಕ್ಕೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕಾದ ಕಡೆ 11.2 ಎಂದು ವರದಿ ಬರುತ್ತದೆ. ಮತ್ತೊಮ್ಮೆ ಪರೀಕ್ಷಿಸಿದರೂ ಅಷ್ಟೇ. ಆಗ ಪ್ಯಾರಾಥೈರಾಯ್ಡ್ ಹಾರ್ಮೋನು, ಅಂದರೆ ಪಿಟಿಎಚ್, ನೋಡುತ್ತಾರೆ. ಕ್ಯಾಲ್ಸಿಯಂ ಏರಿದಾಗ ತಗ್ಗಬೇಕಿದ್ದ ಆ ಹಾರ್ಮೋನು ತಗ್ಗಿರುವುದಿಲ್ಲ. ಅಲ್ಲಿಂದ ಕತ್ತಿನ ಸ್ಕ್ಯಾನ್, ಸ್ಕ್ಯಾನಿನಿಂದ ಸರ್ಜನ್ ಎಂದು ಹೆಜ್ಜೆ ಸಾಗುವುದು ಸುಲಭ. ಈ ನಡುವೆ ಬಿಟ್ಟುಹೋಗಬಾರದ ಒಂದು ಹೆಜ್ಜೆಯಿದೆ: ಇಪ್ಪತ್ನಾಲ್ಕು ಗಂಟೆಯ ಮೂತ್ರದಲ್ಲಿ ಎಷ್ಟು ಕ್ಯಾಲ್ಸಿಯಂ ಹೊರಹೋಗುತ್ತಿದೆ ಎಂದು ಅಳೆಯುವುದು. ಅದನ್ನು ಅಳೆಯದೆ ಯಾರ ಪ್ಯಾರಾಥೈರಾಯ್ಡ್ ಗ್ರಂಥಿಯನ್ನೂ ತೆಗೆಯಲು ಹೊರಡಬಾರದು.

ಇದಕ್ಕೆ ಕಾರಣವಿದೆ. ರಕ್ತದ ವರದಿಯಲ್ಲಿ ಒಂದೇ ಥರ ಕಾಣುವ ಸ್ಥಿತಿಗಳು ಎರಡು. ಒಂದು, ಥೈರಾಯ್ಡಿನ ಹಿಂದಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಸಾಮಾನ್ಯವಾಗಿ ಒಂದು ಗಡ್ಡೆಕಟ್ಟಿ, ಹಾರ್ಮೋನನ್ನು ಮಿತಿಮೀರಿ ಸುರಿಸುವುದು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲಾಗುತ್ತದೆ, ಗಡ್ಡೆ ತೆಗೆದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಇನ್ನೊಂದು, ಅಪ್ಪನಿಂದಲೋ ಅಮ್ಮನಿಂದಲೋ ಬಂದ ಬದಲಾದ ಜೀನಿನಿಂದ ಹುಟ್ಟಿನಿಂದಲೇ ಕ್ಯಾಲ್ಸಿಯಂ ತುಸು ಹೆಚ್ಚಿರುವುದು. 1966ರಲ್ಲೇ ಒಂದು ಕುಟುಂಬದಲ್ಲಿ ಗುರುತಿಸಲಾದ ಈ ಸ್ಥಿತಿಯಿಂದ ಬಹುತೇಕ ಯಾರಿಗೂ ತೊಂದರೆಯಿಲ್ಲ, ಚಿಕಿತ್ಸೆಯೂ ಬೇಕಿಲ್ಲ. ಇಂಥವರ ಒಂದೆರಡು ಗ್ರಂಥಿ ತೆಗೆದರೆ ಕ್ಯಾಲ್ಸಿಯಂ ಇಳಿಯುವುದಿಲ್ಲ. ಹಟ ಹಿಡಿದು ನಾಲ್ಕನ್ನೂ ತೆಗೆದರೆ ಅದು ಪಾತಾಳಕ್ಕಿಳಿದು, ಕೈಕಾಲು ಜೋಮು ಹಿಡಿಯುವ, ಸೆಟೆದುಕೊಳ್ಳುವ ಬಾಧೆ ಬಂದು, ಬದುಕಿರುವವರೆಗೂ ಮಾತ್ರೆ ನುಂಗಬೇಕಾಗುತ್ತದೆ. ಆರೋಗ್ಯವಂತರನ್ನು ರೋಗಿಗಳನ್ನಾಗಿಸುವುದೆಂದರೆ ಇದೇ.

ಮೂತ್ರವೇ ಏಕೆ ಸಾಕ್ಷಿ ಹೇಳುತ್ತದೆ? ರಕ್ತದ ಕ್ಯಾಲ್ಸಿಯಂ ಎಷ್ಟಿದೆ ಎಂದು ಗ್ರಹಿಸುವ ಒಂದು ಪ್ರೋಟೀನು ಈ ಗ್ರಂಥಿಗಳಲ್ಲಿದೆ. 1993ರಲ್ಲಿ ಅದರ ಜೀನು ಪತ್ತೆಯಾದಾಗ ಒಗಟು ಬಿಡಿಸಿದಂತಾಯಿತು. ವಂಶಪಾರಂಪರ್ಯ ಸ್ಥಿತಿಯಲ್ಲಿ ಈ ಪ್ರೋಟೀನು ಮುಳ್ಳು ಓರೆಯಾದ ತಕ್ಕಡಿ ಇದ್ದಂತೆ: 11 ಇದ್ದರೂ ಸರಿಯಾಗಿದೆ ಎಂದೇ ತೋರಿಸುತ್ತದೆ. ಅದೇ ಪ್ರೋಟೀನು ಕಿಡ್ನಿಯಲ್ಲೂ ಇದೆ. ಹಾಗಾಗಿ ಕಿಡ್ನಿ ಕೂಡ ಮೋಸಹೋಗಿ, ಹೊರಹಾಕಬೇಕಾದ ಕ್ಯಾಲ್ಸಿಯಮ್ಮನ್ನು ಮರಳಿ ರಕ್ತಕ್ಕೇ ಎಳೆದುಕೊಳ್ಳುತ್ತದೆ. ಗಡ್ಡೆಯಿರುವವರ ಕಿಡ್ನಿಗೆ ಈ ದೋಷವಿಲ್ಲ, ಹೆಚ್ಚಾದದ್ದು ಮೂತ್ರಕ್ಕೆ ಹರಿಯುತ್ತದೆ. ಲೆಕ್ಕ ಹೀಗೆ: ಮೂತ್ರದ ಕ್ಯಾಲ್ಸಿಯಮ್ಮನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ, ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರದ ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ರಕ್ತದಲ್ಲಿ ಕ್ಯಾಲ್ಸಿಯಂ 11.2, ಕ್ರಿಯಾಟಿನಿನ್ 0.8, ದಿನದ ಮೂತ್ರದಲ್ಲಿ ಕ್ರಿಯಾಟಿನಿನ್ 1,000 ಮಿಲಿಗ್ರಾಂ ಇರುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ಮೂತ್ರದಲ್ಲಿ 50 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಉತ್ತರ 0.0036. ಇನ್ನೊಬ್ಬರಲ್ಲಿ 300 ಇದ್ದರೆ 0.021. 0.01ಕ್ಕಿಂತ ಕಡಿಮೆಯಾದರೆ ವಂಶಪಾರಂಪರ್ಯದ ಕಡೆಗೆ, 0.02 ದಾಟಿದರೆ ಗಡ್ಡೆಯ ಕಡೆಗೆ ಬೆರಳು ತೋರುತ್ತದೆ. ರಕ್ತ ಒಂದೇ ಕಥೆ ಹೇಳಿದ ಇಬ್ಬರು ಇಲ್ಲಿ ಬೇರೆಯಾಗುತ್ತಾರೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ವಂಶಪಾರಂಪರ್ಯ ಸ್ಥಿತಿ ಅಪರೂಪ, ಗಡ್ಡೆಯೇ ಸಾಮಾನ್ಯ, ಅಪರೂಪದ ಕೆಲವರಿಗಾಗಿ ಎಲ್ಲರ ಮೂತ್ರ ಹಿಡಿಸಬೇಕೇ ಎನ್ನುತ್ತಾರೆ. ಹಿಡಿಸಬೇಕು. ಒಂದು ಕಡೆ ಒಂದು ಕ್ಯಾನು ಮತ್ತು ಒಂದು ದಿನ, ಇನ್ನೊಂದು ಕಡೆ ಅರಿವಳಿಕೆ, ಕತ್ತಿನ ಗಾಯ, ಆಸ್ಪತ್ರೆಯ ಬಿಲ್ಲು, ಗುಣವಾಗದ ಕಾಯಿಲೆ. ಕ್ಯಾಲ್ಸಿಯಂ 14 ದಾಟಿ ತುರ್ತು ಬಂದೊದಗಿದವರ ಮಾತು ಬೇರೆ. ಉಳಿದವರಿಗೆ ಕೆಲವು ವಾರ ತಡವಾದರೆ ಅನಾಹುತವೇನೂ ಆಗದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಈ ಪರೀಕ್ಷೆ ನೂರಕ್ಕೆ ನೂರು ನಿಖರವಲ್ಲ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಮಾರನೆಯ ಬೆಳಗಿನ ಮೊದಲ ಮೂತ್ರದವರೆಗೆ ಒಂದು ಹನಿಯೂ ಬಿಡದೆ ಹಿಡಿಯಬೇಕು. ನಡುವೆ ಒಮ್ಮೆ ಮರೆತರೂ ದಿನದ ಒಟ್ಟು ಲೆಕ್ಕ ಕೆಡುತ್ತದೆ. ಬಿ.ಪಿ.ಗೆ ಕೊಡುವ ಥಯಾಜೈಡ್ ಮಾತ್ರೆ ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಎರಡೂ ಮೂತ್ರದ ಕ್ಯಾಲ್ಸಿಯಮ್ಮನ್ನು ತಗ್ಗಿಸುತ್ತವೆ. ನಮ್ಮ ದೇಶದಲ್ಲಂತೂ ವಿಟಮಿನ್ ಡಿ ಕೊರತೆ ಮನೆಮನೆಯಲ್ಲಿದೆ. ಅದಿದ್ದರೆ ಗಡ್ಡೆಯಿರುವವರ ಮೂತ್ರದಲ್ಲೂ ಕ್ಯಾಲ್ಸಿಯಂ ಕಡಿಮೆಯಾಗಿ ವಂಶಪಾರಂಪರ್ಯದಂತೆ ಕಾಣಬಹುದು. ಇಷ್ಟೆಲ್ಲ ಆದ ಮೇಲೂ 0.01 ಮತ್ತು 0.02ರ ನಡುವೆ ಸಿಕ್ಕಿಬೀಳುವವರಿದ್ದಾರೆ. ಆದರೆ ಇವೆಲ್ಲ ಪರೀಕ್ಷೆಯನ್ನು ಜತನದಿಂದ ಮಾಡಲು ಕಾರಣಗಳೇ ಹೊರತು ಬಿಟ್ಟುಬಿಡಲು ಅಲ್ಲ. ಮೊದಲು ವಿಟಮಿನ್ ಡಿ ಸರಿಪಡಿಸಿ, ವೈದ್ಯರ ಸಲಹೆಯಂತೆ ಮಾತ್ರೆ ಬದಲಿಸಿ, ಆಮೇಲೆ ಅಳೆಯಿರಿ. ಅನುಮಾನ ಉಳಿದರೆ ಜೀನ್ ಪರೀಕ್ಷೆಯಿದೆ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತಲ್ಲ, ಇನ್ನೇನು ಬೇಕು ಎಂಬ ಮಾತೂ ಕೇಳಿಬರುತ್ತದೆ. ಗಡ್ಡೆ ಎಲ್ಲಿದೆ ಎಂದು ಸರ್ಜನ್‌ಗೆ ದಾರಿ ತೋರುವುದಷ್ಟೇ ಸ್ಕ್ಯಾನಿನ ಕೆಲಸ, ರೋಗ ನಿರ್ಣಯ ಅದರದ್ದಲ್ಲ. ಥೈರಾಯ್ಡಿನ ಗಂಟೂ ಅಲ್ಲಿ ಪ್ಯಾರಾಥೈರಾಯ್ಡಿನಂತೆ ಕಂಡೀತು. ಅದಕ್ಕಿಂತ ಹಳೆಯ ರಕ್ತದ ವರದಿಗಳು ಹೆಚ್ಚು ಹೇಳುತ್ತವೆ: ಹತ್ತು ವರ್ಷದ ಹಿಂದೆ ಕ್ಯಾಲ್ಸಿಯಂ ಸರಿಯಾಗಿತ್ತೆಂದರೆ, ಅದು ಹುಟ್ಟಿನಿಂದ ಬಂದದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. ಒಡಹುಟ್ಟಿದವರ, ಮಕ್ಕಳ ಕ್ಯಾಲ್ಸಿಯಂ ನೋಡುವುದೂ ಅಗತ್ಯ. ವಂಶಪಾರಂಪರ್ಯ ಸ್ಥಿತಿಯಿರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಂತ ಮನೆಯಲ್ಲಿ ಹಲವರಿಗಿದ್ದರೆ ನಿರುಪದ್ರವಿ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ವಂಶದಲ್ಲಿ ಹರಿದು ಬರುವ, ಚಿಕಿತ್ಸೆ ಬೇಕಾದ ಗ್ರಂಥಿ ಗಡ್ಡೆಗಳೂ ಇವೆ. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾಗುವ ನಮ್ಮ ಸೀಮೆಯಲ್ಲಿ ಈ ವಿಚಾರಣೆಗೆ ಇನ್ನೂ ಒಂದು ಕಾರಣವಿದೆ: ಇಬ್ಬರಿಂದಲೂ ಬದಲಾದ ಜೀನು ಪಡೆದ ನವಜಾತ ಶಿಶುವಿನ ಕ್ಯಾಲ್ಸಿಯಂ ಜೀವಕ್ಕೆ ಎರವಾಗುವಷ್ಟು ಏರಬಲ್ಲದು. ಆಗ ಶಸ್ತ್ರಚಿಕಿತ್ಸೆಯೇ ಮಗುವನ್ನು ಉಳಿಸಬೇಕಾಗಬಹುದು.

ಕ್ಯಾಲ್ಸಿಯಂ ಹೆಚ್ಚಿದೆ ಎಂದ ಕೂಡಲೇ ರಾಗಿಮುದ್ದೆ, ಹಾಲು, ಮೊಸರು ಬಿಡಬೇಡಿ. ಈ ಎರಡು ಸ್ಥಿತಿಗಳಿಗೂ ಊಟ ಕಾರಣವಲ್ಲ. ಹಳೆಯ ವರದಿಗಳನ್ನೂ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಜೊತೆಗೊಯ್ಯಿರಿ. ಆಪರೇಷನ್ನಿಗೆ ದಿನ ಗೊತ್ತುಮಾಡುವ ಮುನ್ನ ವೈದ್ಯರನ್ನು ಒಂದೇ ಪ್ರಶ್ನೆ ಕೇಳಿ: ನನ್ನ ಇಪ್ಪತ್ನಾಲ್ಕು ಗಂಟೆಯ ಮೂತ್ರದ ಕ್ಯಾಲ್ಸಿಯಂ ಎಷ್ಟು?